ಮ್ಯೂನಿಕ್‌ಗೆ ಬರುವ ಅಪ್ಪ ಅಮ್ಮಂದಿರೇ, ಮನೆಗಿಂತ ಮುಂಚೆ ಶಾಲೆ ನೋಡಿ

ಕೆಲಸ ಸಿಕ್ಕಿತು, ವೀಸಾ ಬಂತು, ಆಮೇಲೆ ಎಲ್ಲರೂ ಕೇಳುವುದು ಮನೆ ಎಲ್ಲಿ ಮಾಡೋಣ ಅಂತ. ಮಕ್ಕಳಿದ್ದವರು ಮೊದಲು ಶಾಲೆ ನೋಡಿ. ಇಲ್ಲಿ ಸರ್ಕಾರಿ ಪ್ರೈಮರಿ ಶಾಲೆಯನ್ನು ನಾವು ಆರಿಸುವುದಿಲ್ಲ. ನಿಮ್ಮ ಮನೆ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೋ ಮಗು ಅಲ್ಲಿಗೇ ಹೋಗಬೇಕು. ಫೀಸಿಲ್ಲ, ಡೊನೇಷನ್ ಇಲ್ಲ, ಮಗುವನ್ನು ಕೂರಿಸಿಕೊಂಡು ಇಂಟರ್‌ವ್ಯೂ ಮಾಡುವುದೂ ಇಲ್ಲ. ಬೇರೆ ಏರಿಯಾದ ಶಾಲೆ ಬೇಕಿದ್ದರೆ ಗಟ್ಟಿ ಕಾರಣ ಕೊಟ್ಟು ಅರ್ಜಿ ಹಾಕಬೇಕು, ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ.

ಇಂಗ್ಲಿಷ್ ಮೀಡಿಯಂ ಇಂಟರ್‌ನ್ಯಾಷನಲ್ ಶಾಲೆಗಳೂ ಇವೆ. ವರ್ಷದ ಫೀಸು 20,000 ಯೂರೋ ಮುಟ್ಟುವುದುಂಟು. ಎರಡು ವರ್ಷ ಇದ್ದು ವಾಪಸ್ ಹೋಗುವವರಿಗೆ, ಕಂಪನಿ ದುಡ್ಡು ಕಟ್ಟುವುದಾದರೆ, ಅದೇ ಸರಿ. ಇಲ್ಲೇ ನೆಲೆ ನಿಲ್ಲುವ ಮನಸ್ಸಿದ್ದರೆ ಬೇಡ. ಅಂಥ ಶಾಲೆಗಳು ಹೆಚ್ಚಾಗಿ ಊರಾಚೆ ಇರುತ್ತವೆ, ಮಗುವಿನ ಗೆಳೆಯರು ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ. ಪಕ್ಕದ ಮನೆಯ ಮಗುವಿನ ಜೊತೆ ಆಡೋಣ ಅಂದರೆ ಮಾತು ಬರುವುದಿಲ್ಲ.

ಶಾಲೆಗೆ ಮುಂಚಿನ ಚಿಕ್ಕ ಮಕ್ಕಳಿಗೆ ಕಿಟಾ, ಅಂದರೆ ಶಿಶುವಿಹಾರ. ಮೂರರವರೆಗೆ ಕ್ರಿಪ್ಪೆ, ಮೂರರಿಂದ ಆರರವರೆಗೆ ಕಿಂಡರ್‌ಗಾರ್ಟನ್. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಸೀಟಿನ ಹಕ್ಕಿದೆ ಅಂತ 2013ರಿಂದ ಕಾನೂನಿದೆ. ಆದರೆ ನೋಡಿಕೊಳ್ಳುವ ಟೀಚರ್‌ಗಳೇ ಸಾಲದು, ಹಾಗಾಗಿ ಸೀಟಿಗೆ ಪರದಾಟ ತಪ್ಪಿದ್ದಲ್ಲ. ಹೊಸ ವರ್ಷ ಸೆಪ್ಟೆಂಬರ್‌ನಲ್ಲಿ ಶುರು, ಸೀಟು ಹಂಚುವುದು ಹೆಚ್ಚಾಗಿ ಅದಕ್ಕೂ ಮುಂಚಿನ ವಸಂತದಲ್ಲಿ. ನಡುವೆ ಬಂದವರಿಗೆ ಉಳಿದದ್ದು. ಸಿಟಿಯ ಪೋರ್ಟಲ್‌ನಲ್ಲಿ ಹೆಸರು ಹಾಕಿ ಸುಮ್ನೆ ಕೂರಬೇಡಿ. ಕಿಟಾದವರಿಗೆ ಫೋನ್ ಮಾಡಿ, ಹೋಗಿ ಮುಖ ತೋರಿಸಿ. ಮನೆ ವಿಳಾಸ ನೋಂದಾಯಿಸಿ, ಮಕ್ಕಳಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಕಿಂಡರ್‌ಗೆಲ್ಡ್‌ಗೆ ಅರ್ಜಿ ಹಾಕಿ, ದಡಾರ ಲಸಿಕೆಯ ಎರಡು ಡೋಸಿನ ಕಾರ್ಡನ್ನು ಊರಿಂದಲೇ ತನ್ನಿ. ಅದು 2020ರಿಂದ ಕಡ್ಡಾಯ.

ಕಿಟಾ ಸೇರಿಸಿದ ಮೊದಲ ವಾರಗಳಿಗೆ ಅಪ್ಪ ಅಥವಾ ಅಮ್ಮ ರಜೆ ಉಳಿಸಿಕೊಳ್ಳಿ. ನಮ್ಮಲ್ಲಿ ಅಳುತ್ತಿರುವ ಮಗುವನ್ನು ಗೇಟಿನಲ್ಲಿ ಆಯಾ ಕೈಗೆ ಕೊಟ್ಟು ಬರುವ ರೂಢಿ, ಅಲ್ವಾ? ಇಲ್ಲಿ ಮೊದಲ ಕೆಲವು ದಿನ ನೀವೂ ಮಗುವಿನ ಜೊತೆ ಒಳಗೇ ಇರಬೇಕು. ಮೂಲೆಯಲ್ಲಿ ಮೊಣಕಾಲೆತ್ತರದ ಕುರ್ಚಿಯ ಮೇಲೆ ಕೂತಿರಬೇಕು. ಮಗು ಹತ್ತಿರ ಬಂದರೆ ಎತ್ತಿಕೊಳ್ಳಿ, ನೀವಾಗಿ ಕರೆಯಬೇಡಿ. ಆಮೇಲೊಂದು ದಿನ ಟಾಟಾ ಹೇಳಿ ಸ್ವಲ್ಪ ಹೊತ್ತು ಆಚೆ ಹೋಗಬೇಕು. ಮಗು ಟೀಚರ್ ಹತ್ತಿರ ಸಮಾಧಾನ ಆದರೆ ಮರುದಿನ ಇನ್ನಷ್ಟು ಹೊತ್ತು. ಆಫೀಸಿಗೆ ತಡವಾಯಿತು ಅಂತ ಅವಸರ ಮಾಡಿದರೆ ಮತ್ತೆ ಹಿಂದಕ್ಕೆ ಹೋಗಬೇಕಾಗುತ್ತದೆ.

ಕಿಂಡರ್‌ಗಾರ್ಟನ್‌ನಲ್ಲಿ ಅಕ್ಷರ ಬರೆಸುವುದಿಲ್ಲ. ಊರಲ್ಲಿ ಅದೇ ವಯಸ್ಸಿನ ಅಣ್ಣ ತಂಗಿಯರ ಮಕ್ಕಳು ಯುಕೆಜಿಯಲ್ಲಿ ಕಾಗುಣಿತ ಬರೆಯುತ್ತಿರುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ತಡೆದುಕೊಳ್ಳಿ. ಇಲ್ಲಿನ ಮಗು ಮಳೆಯಲ್ಲಿ ರಬ್ಬರ್ ಬೂಟು ಹಾಕಿಕೊಂಡು ಕೆಸರಲ್ಲಿ ಆಡುತ್ತದೆ, ಜಾಕೆಟ್ಟಿನ ಜಿಪ್ಪು ತಾನೇ ಎಳೆದುಕೊಳ್ಳುತ್ತದೆ, ತನ್ನ ಸರದಿಗೆ ಕಾಯುತ್ತದೆ. ತುತ್ತು ಮಾಡಿ ತಿನ್ನಿಸುವ ಅಭ್ಯಾಸವನ್ನು ಬರುವ ಮುಂಚೆಯೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ, ಇಲ್ಲದಿದ್ದರೆ ಮಗು ಉಪವಾಸ ಕೂರುತ್ತದೆ. ಸಸ್ಯಾಹಾರಿ ಅಂತ ಬರೆದುಕೊಡುವಾಗ ಜೆಲಟಿನ್ ವಿಷಯವನ್ನೂ ಹೇಳಿ. ಹುಟ್ಟುಹಬ್ಬಕ್ಕೆ ಹಂಚುವ ಗಮ್ಮಿ ಮಿಠಾಯಿಯಲ್ಲಿ ಬಹಳ ಸಲ ಹಂದಿಯ ಜೆಲಟಿನ್ ಇರುತ್ತದೆ.

ಕಿಟಾ ವರ್ಷಗಳನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಾಲ್ಕನೇ ಕ್ಲಾಸು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಪ್ರೈಮರಿ ಶಾಲೆ ನಾಲ್ಕೇ ವರ್ಷ. ಅಲ್ಲಿಗೇ ಮಕ್ಕಳ ದಾರಿ ಬೇರೆ ಬೇರೆ ಆಗುತ್ತದೆ. ಜರ್ಮನ್, ಗಣಿತ, ಪರಿಸರ ಪಾಠ ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಒಳ್ಳೆಯದಿದ್ದರೆ ನೇರ ಯೂನಿವರ್ಸಿಟಿ ಕಡೆಗೆ ಹೋಗುವ ಗಿಮ್ನಾಸಿಯುಮ್, 2.66ರವರೆಗೆ ನಡುವಿನ ಹಂತದ ರೆಯಾಲ್‌ಶೂಲೆ, ಉಳಿದವರಿಗೆ ಹೆಚ್ಚಾಗಿ ಕಸುಬಿನ ತರಬೇತಿ ಕಡೆಗೆ ಹೋಗುವ ಮಿಟ್ಟೆಲ್‌ಶೂಲೆ. ಇಲ್ಲಿ 1 ಅತ್ಯುತ್ತಮ, 6 ತೀರಾ ಕಳಪೆ. ಮೂರನೇ ಕ್ಲಾಸಿಗೆ ಬಂದಿಳಿದ ಮಗು ಲೆಕ್ಕದಲ್ಲಿ ಎಷ್ಟೇ ಚುರುಕಾಗಿರಲಿ, ಪ್ರಶ್ನೆಯೇ ಅರ್ಥವಾಗದೆ ಕೂತಿರುತ್ತದೆ. ಅದನ್ನು ನೋಡುವುದು ತುಂಬಾ ಕಷ್ಟ. ಆಮೇಲೂ ದಾರಿಗಳಿವೆ. ರೆಯಾಲ್‌ಶೂಲೆ ಮುಗಿಸಿ, ಇನ್ನೊಂದು ಶಾಲೆ ಸೇರಿ ಕಾಲೇಜಿಗೆ ಹೋಗುವವರು ಬೇಕಾದಷ್ಟು ಮಂದಿ. ಆದರೂ ಚಿಕ್ಕ ಮಗುವಿದ್ದು ಬರುವುದಾ ಬೇಡವಾ ಅಂತ ಯೋಚಿಸುತ್ತಿದ್ದರೆ ಬೇಗ ಬನ್ನಿ. ಹತ್ತು ವರ್ಷದ ಮಗುವಿದ್ದರೆ ಎರಡು ಸಲ ಯೋಚಿಸಿ.

ಇದರ ಅರ್ಥ ಮನೆಯಲ್ಲೂ ಜರ್ಮನ್ ಆಡಿ ಅಂತಲ್ಲ. ನಿಮ್ಮ ಹರಕು ಜರ್ಮನ್ ಮಗುವಿಗೆ ಬೇಡ, ಕಿಟಾದವರೇ ಮನೆಮಾತು ಬಿಡಬೇಡಿ ಅನ್ನುತ್ತಾರೆ. ಕನ್ನಡ ಮಾತ್ರ ನಾವು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮಗು ಜರ್ಮನ್‌ನಲ್ಲಿ ಉತ್ತರ ಕೊಟ್ಟರೂ ನೀವು ಕನ್ನಡದಲ್ಲೇ ಮುಂದುವರಿಸಿ. ವಿಡಿಯೋ ಕಾಲ್‌ನಲ್ಲಿ ಅಜ್ಜಿ "ಊಟ ಆಯ್ತಾ ಕಂದಾ" ಅಂದಾಗ ಮಗು ಅಮ್ಮನ ಮುಖ ನೋಡುವ ಮನೆಗಳನ್ನು ಕಂಡಿದ್ದೇನೆ. ಅಜ್ಜಿ ಆಮೇಲೆ ಕೇಳುವುದನ್ನೇ ಬಿಡುತ್ತಾರೆ.

ರಜೆಯ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಬವೇರಿಯಾದ ಬೇಸಿಗೆ ರಜೆ ಆಗಸ್ಟ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ. ಆಗ ನೀವು ಊರಿಗೆ ಹೋದರೆ ಅಣ್ಣ ತಂಗಿಯರ ಮಕ್ಕಳೆಲ್ಲ ಶಾಲೆಯಲ್ಲಿ. ನಿಮ್ಮ ಮಗು ಇಡೀ ದಿನ ಅಜ್ಜನ ಮನೆಯಲ್ಲಿ ಒಂಟಿ. ಏಪ್ರಿಲ್, ಮೇನಲ್ಲಿ ಮದುವೆಗೆ ಅಂತ ಶಾಲೆ ತಪ್ಪಿಸುವಂತಿಲ್ಲ, ದಂಡ ಬೀಳುತ್ತದೆ. ರಜೆಗೆ ಮುಂಚೆ ಹೊರಟ ಕುಟುಂಬಗಳನ್ನು ಏರ್‌ಪೋರ್ಟ್‌ನಲ್ಲೇ ಪೊಲೀಸರು ವಿಚಾರಿಸಿದ್ದುಂಟು. ಈಸ್ಟರ್‌ಗೆ ಎರಡು ವಾರ ರಜೆ ಇದೆ, ಅದು ಹೆಚ್ಚಾಗಿ ಏಪ್ರಿಲ್ ಸುಮಾರಿಗೆ ಬರುತ್ತದೆ. ಊರಿನ ಮಕ್ಕಳಿಗೂ ರಜೆ ಇರುವ ವರ್ಷ ಆಗಲೇ ಹೋಗಿ, ಟಿಕೆಟ್ ಬೇಗ ಮಾಡಿಸಿ. ಕಿಟಾಗೆ ಈ ಕಟ್ಟುಪಾಡು ಇಲ್ಲ. ಮಗು ಒಂದನೇ ಕ್ಲಾಸು ಸೇರುವ ಮುಂಚೆ ಆದಷ್ಟು ಬೇಸಿಗೆಗಳನ್ನು ಮಾವಿನಹಣ್ಣಿನ ಕಾಲದಲ್ಲಿ ಊರಲ್ಲೇ ಕಳೆಯಿರಿ.