ಕೋನ್ ಬದಲಿಸದೆ ವೂಫರಿನ ಕರಕರ ನಿಲ್ಲಿಸಿದ್ದು

ದಾವಣಗೆರೆಯಲ್ಲಿ ನನಗೆ ಗೊತ್ತಿರುವ ಸೌಂಡ್ ಮಂದಿಯದೆಲ್ಲ ಒಂದೇ ಮಾತು: ಸ್ಪೀಕರಿನಿಂದ ಬಿಚ್ಚಿದ ಕೋನ್ ಮತ್ತೆ ಸರಿಯಾಗಿ ಕೂರಲ್ಲ, ಸುಮ್ಮನೆ ರೀಕೋನ್ ಮಾಡಿಸು, ಅಂದರೆ ಹೊಸ ಕೋನ್, ಕಾಯಿಲ್ ಹಾಕಿಸು. ನಾನು ಒಂದನ್ನು ಬಿಚ್ಚಿ ದೀಪಾವಳಿ ಹೊತ್ತಿಗೆ ವಾಪಸ್ ಕೂರಿಸಿದ್ದು, ಯುಗಾದಿ ದಾಟಿದರೂ ಅದೇ ಕೋನ್, ಅದರ ಬುಡದ ಅದೇ ಕಾಯಿಲ್ (ತಂತಿ ಸುರುಳಿ) ದಿನಾ ಸಂಜೆ ಹಾಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸ್ಪೀಕರ್ ಜೋಡಿ ಸಿಕ್ಕಿದ್ದು ಹರಿಹರದ ಒಂದು ಲೇತ್ ವರ್ಕ್‌ಶಾಪಿನಲ್ಲಿ. ಎಂಬತ್ತರ ದಶಕದ 8 ಇಂಚಿನ ವೂಫರ್ (ಬೇಸ್ ದನಿಯ ಸ್ಪೀಕರ್), ಕಾಗದದ ಕೋನ್, ಅದನ್ನು ಫ್ರೇಮಿಗೆ ಹಿಡಿದಿಡುವ ಬಟ್ಟೆಯ ಎಡ್ಜ್. ಕಂಪನಿ ಹೆಸರು ಹೇಳಲ್ಲ, ಹೇಳಿದರೆ ಗುಜರಿಯವರು ನಾಳೆಯೇ ರೇಟ್ ಏರಿಸುತ್ತಾರೆ. 5,000 ಅಂದಿದ್ದನ್ನು 3,500ರ ಹತ್ತಿರಕ್ಕೆ ಇಳಿಸಿದೆ. ಎಡಗಡೆಯದು ಕರಕರ ಅಂತಿದ್ದುದೇ ನನ್ನ ಚೌಕಾಶಿಗೆ ಬಲ.

ಮನೆಗೆ ತಂದು ಎಡ-ಬಲದ ವೈರ್ ಅದಲುಬದಲು ಮಾಡಿದೆ. ಸದ್ದು ಅದೇ ಡಬ್ಬದಲ್ಲೇ ಉಳಿಯಿತು, ಅಂದರೆ ಆಂಪ್ಲಿಫೈಯರಿನದಲ್ಲ. ಮೀಟರ್ ಇಟ್ಟರೆ ಎರಡೂ 6.2, 6.3 ಓಮ್ ಆಸುಪಾಸು. ಕಾಯಿಲ್ ಸುಟ್ಟಿಲ್ಲ. ಆದರೂ ರೀಕೋನ್ ಮಾಡುವ ಕಾಕಾ ಕೈಯಲ್ಲಿ ಹಿಡಿದು ಒಂದು ಸಲ ಒತ್ತಿ, "ಏನಪಾ, ಕಾಯಿಲ್ ಉಜ್ಜಾಕತ್ತೈತಿ, ಹೊಸದು ಹಾಕ್ಸಿಬಿಡು, 1,400 ಆಕ್ಕತಿ" ಅಂದರು. ಒಂದಕ್ಕೆ ಹೊಸ ಕೋನ್ ಹಾಕಿದರೆ ತೂಕ ಬೇರೆಯಾಗಿ ಜೋಡಿ ಕೆಡುತ್ತೆ, ಎರಡಕ್ಕೂ ಹಾಕಿಸಬೇಕು. 2,800 ಕೊಟ್ಟು ಹಳೇ ದನಿ ಕಳೆದುಕೊಳ್ಳುವುದಕ್ಕೆ ನಾನು ತಯಾರಿರಲಿಲ್ಲ.

ಮೊದಲು ವೂಫರನ್ನು ತಲೆಕೆಳಗು ತಿರುಗಿಸಿ ಹಾಕಿ ನೋಡಿದೆ. ಕಾಯಿಲನ್ನು ನಡುಮಧ್ಯ ಹಿಡಿದಿಡುವ ಸುಕ್ಕುಬಟ್ಟೆ, ಅಂದರೆ ಸ್ಪೈಡರ್, ಜೋತುಬಿದ್ದಿದ್ದರೆ ಇದರಿಂದಲೇ ಎಷ್ಟೋ ಸಲ ಸರಿಹೋಗುತ್ತೆ. ಇಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಫೋನಿನಿಂದ 30 ಹರ್ಟ್ಜ್ ಟೋನ್ ಸಣ್ಣದಾಗಿ ಬಿಟ್ಟು, ಕೋನಿನ ಅಂಚನ್ನು ಒಂದೊಂದು ಕಡೆ ಬೆರಳಿನಿಂದ ಮೆಲ್ಲಗೆ ಅದುಮುತ್ತ ಹೋದೆ. ಕಾಯಿಲ್ ಸೆಂಟರ್ ತಪ್ಪಿದ್ದರೆ ಒಂದು ಕಡೆ ಅದುಮಿದಾಗ ಸದ್ದು ನಿಲ್ಲಬೇಕು, ಎದುರು ಕಡೆ ಜೋರಾಗಬೇಕು. ಇದರಲ್ಲಿ ಎಲ್ಲಿ ಅದುಮಿದರೂ ಅಷ್ಟೇ ಕರಕರ, ಅದೂ ರಾಗಿ ಬೀಸುವಾಗ ಕಲ್ಲು ಸಿಕ್ಕ ಹಾಗೆ ಬಿಟ್ಟುಬಿಟ್ಟು. ಕಾಯಿಲ್ ಆಡುವ ಮ್ಯಾಗ್ನೆಟ್ಟಿನ ಸಂದಿಯಲ್ಲಿ, ಅಂದರೆ ಗ್ಯಾಪಿನಲ್ಲಿ, ಏನೋ ಬಿದ್ದಿದೆ ಅಂತ ಅಲ್ಲೇ ಖಾತ್ರಿಯಾಯಿತು. ಮ್ಯಾಗ್ನೆಟ್ ಹಿಂದಿನ ತೂತಿನ ಜಾಲರಿ ಹರಿದಿತ್ತು, ಡಬ್ಬದ ಹಿಂಬದಿ ಹಲಗೆ ಸ್ಕ್ರೂ ಇಲ್ಲದೆ ಬಾಯಿ ಬಿಟ್ಟಿತ್ತು. ವರ್ಷಗಟ್ಟಲೆ ಲೇತ್ ಪಕ್ಕ ಕೂತ ಮ್ಯಾಗ್ನೆಟ್ ಕಬ್ಬಿಣದ ಪುಡಿ ಎಳೆದುಕೊಳ್ಳದೆ ಇರುತ್ತದೆಯೇ!

ಥಿನ್ನರ್ ಸವರಿ ಕೋನಿನ ನಡುವಿನ ಮುಚ್ಚಳ, ಡಸ್ಟ್ ಕ್ಯಾಪ್, ಎತ್ತಿದೆ. ಗೆಳೆಯನ ಗ್ಯಾರೇಜಿನ ಕಂಪ್ರೆಸರ್ ಗಾಳಿ ಹೊಡೆದರೆ ಪುಡಿ ಈ ಮೂಲೆಯಿಂದ ಆ ಮೂಲೆಗೆ ಓಡಿತು, ಹೊರಗೆ ಬರಲಿಲ್ಲ. ಮ್ಯಾಗ್ನೆಟ್ ಬಿಟ್ಟರೆ ತಾನೆ ಬರುವುದು! ಮಾಸ್ಕಿಂಗ್ ಟೇಪನ್ನು ಅಂಟು ಹೊರಗೆ ಬರುವಂತೆ ಫಿಲ್ಮ್ ಪಟ್ಟಿಗೆ ಸುತ್ತಿ ಗ್ಯಾಪಿನೊಳಗೆ ಸುತ್ತಲೂ ಆಡಿಸಿದಾಗ ಕಪ್ಪನೆಯ ಮುಳ್ಳುಮುಳ್ಳು ಮೆತ್ತಿಕೊಂಡು ಬಂತು. ಸದ್ದು ಅರ್ಧಕ್ಕಿಳಿಯಿತು. ಇನ್ನರ್ಧ ಕಾಯಿಲಿನ ಹೊರಮೈ ಕಡೆ. ಅಲ್ಲಿಗೆ ಟೇಪ್ ಹೋಗಲ್ಲ, ಕೋನ್ ಎತ್ತಲೇಬೇಕು.

ಲೀಡ್ ವೈರ್ ಬೆಸುಗೆ ಬಿಚ್ಚಿ, ಸಿರಿಂಜಿನಲ್ಲಿ ಥಿನ್ನರ್ ತುಂಬಿ ಎಡ್ಜಿನ ಸುತ್ತ, ಆಮೇಲೆ ಸ್ಪೈಡರಿನ ಸುತ್ತ ಹನಿಹನಿ ಬಿಟ್ಟೆ. ಕಾಯಿಲಿಗೆ ಇಳಿದರೆ ವಾರ್ನಿಶ್ ಕರಗುತ್ತೆ, ಅದಕ್ಕೆ ಫ್ರೇಮನ್ನು ವಾರೆಯಾಗಿ ಹಿಡಿಯಬೇಕು. ಸ್ಪೈಡರ್ ಹರಿಯದೆ ಏಳುವುದಕ್ಕೆ ಇನ್ನೊಂದು ಕೈಚಳಕ ಇದೆ, ಅದು ನನ್ನ ಹತ್ತಿರವೇ ಇರಲಿ. ಎತ್ತಿದ ಮೇಲೆ ಟೇಪ್ ಬೆಳ್ಳಗೆ ಬರುವವರೆಗೂ ಒರೆಸಿದೆ.

ವಾಪಸ್ ಕೂರಿಸುವಾಗ ಕಾಯಿಲ್ ನಡುಮಧ್ಯ ನಿಲ್ಲಲಿ ಅಂತ ಗ್ಯಾಪಿಗೆ ತುರುಕುವ ಪಟ್ಟಿಗೆ, ಅಂದರೆ ಶಿಮ್ಮಿಗೆ, ಹಳೇ ಎಕ್ಸ್‌ರೇ ಫಿಲ್ಮ್ ಇಟ್ಟುನೋಡಿದರೆ ಬಿಗಿ. ಅದು 0.2 ಮಿಮೀ ಹತ್ತಿರ ಇರುತ್ತೆ. ಜೆರಾಕ್ಸ್ ಅಂಗಡಿಯ ಟ್ರಾನ್ಸ್‌ಪರೆಂಟ್ ಶೀಟ್ ಅದರರ್ಧ. ಅದರ ನಾಲ್ಕು ಪಟ್ಟಿ ಸರಿಯಾಗಿ ಕೂತವು. ಸ್ಪೈಡರಿಗೂ ಎಡ್ಜಿಗೂ ಫೆವಿಬಾಂಡ್ ಅಂಟು. ಒಂದು ರಾತ್ರಿ ಒಣಗಿಸಿ, ಶಿಮ್ ಎಳೆದು, ಟೋನ್ ಬಿಟ್ಟು ಕೇಳಿ, ಕೊನೆಗೆ ಡಸ್ಟ್ ಕ್ಯಾಪ್. ಹಿಂದಿನ ತೂತಿಗೆ ಹೊಸ ಜಾಲರಿ. ಎಲ್ಲ ಸೇರಿ 250 ದಾಟಿರಲಿಕ್ಕಿಲ್ಲ.

ಡಬ್ಬ ಬಿಚ್ಚಿದ್ದೆನಲ್ಲ ಅಂತ ಒಳಗಿನ ಗ್ಲಾಸ್‌ವುಲ್ ತೆಗೆದು ಹಾಸಿಗೆ ಹೊಲಿಯುವವರ ಹತ್ತಿರ ತಂದ ಹತ್ತಿ ತುಂಬಿ ನೋಡಿದೆ. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರಾಗಿತ್ತು ತಾನೆ. ಹಗುರವಾಗಿ ತುಂಬಿದಾಗ ಬೇಸ್ ಗಟ್ಟಿಯಾಯಿತು, ಒತ್ತಿ ತುಂಬಿದಾಗ ಸತ್ತೇಹೋಯಿತು. ಈಗ ಒಂದರಲ್ಲಿ ಹತ್ತಿ, ಒಂದರಲ್ಲಿ ಗ್ಲಾಸ್‌ವುಲ್. ಕಣ್ಣು ಮುಚ್ಚಿ ಕೇಳಿ ಯಾವುದು ಯಾವುದು ಅಂತ ಹೇಳಿದವರಿಗೆ ಬೆಣ್ಣೆದೋಸೆ ನನ್ನ ಲೆಕ್ಕ ಅಂದಿದ್ದೇನೆ, ಇನ್ನೂ ಯಾರಿಗೂ ಕೊಡಿಸಿಲ್ಲ.

ಕಾಕಾ ಬಂದು ಕೇಳಿದರು, ಕೋನ್ ಒತ್ತಿ ನೋಡಿದರು, "ಎಷ್ಟು ದಿನ ಬರ್ತೈತಿ ನೋಡೂಣು" ಅಂದು ಹೋದರು. ಈಗ ಕಾಯಿಲ್ ಸುಡದ ಪೀಸುಗಳನ್ನು ಅವರೇ ನನ್ನ ಕಡೆ ಕಳಿಸುತ್ತಾರೆ, ಒಂದಕ್ಕೆ 600 ತಗೊಳ್ಳುತ್ತೇನೆ. ಫೋಮ್ ಎಡ್ಜಿನವು ಮಾತ್ರ ಬೇಡ. ಹಳೇ ಫೋಮ್ ಬಿಚ್ಚುವಾಗಲೇ ಪುಡಿಪುಡಿಯಾಗುತ್ತೆ, ಹೊಸ ಎಡ್ಜ್ ತರಿಸದೆ ಗತಿಯಿಲ್ಲ, ಅದರ ರೇಟೇ ಬೇರೆ.