ಶೆಲ್‌ನ ಒಳ ಆದೇಶಗಳ ಸಮಯ ಅಳೆಯುವಾಗ

ಬ್ಯಾಶ್ ಎಂಬ ಶೆಲ್‌ನಲ್ಲಿ (ಶೆಲ್ ಎಂದರೆ ನಾವು ಬರೆದ ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಂ) ಸರಾಗವಾಗಿ ಓಡುತ್ತಿದ್ದ ಸ್ಕ್ರಿಪ್ಟ್, ಉಬುಂಟು ಲಿನಕ್ಸ್‌ನ ಎಸ್‌ಎಚ್ (sh) ಅಡಿಯಲ್ಲಿ 'ಟೈಮ್ ಸಿಡಿ' (time cd, ಅಂದರೆ ಕಡತಕೋಶ ಬದಲಿಸುವ ಸಿಡಿ ಆದೇಶಕ್ಕೆ ಹಿಡಿಯುವ ಸಮಯ ಅಳೆ) ಎಂಬ ಸಾಲಿಗೆ ಬಂದೊಡನೆ ಅಂಥ ಕಡತವೇ ಇಲ್ಲ ಎಂದು ದೂರಿದರೆ ಗಾಬರಿಯಾಗಬೇಕಿಲ್ಲ. ಬ್ಯಾಶ್‌ಗೆ ಟೈಮ್ ಎಂಬುದು ಇಫ್, ವೈಲ್‌ಗಳಂತೆ ಭಾಷೆಯದೇ ಪದವಾದ್ದರಿಂದ ಒಳ ಆದೇಶ (ಸಿಡಿಯಂತೆ ಶೆಲ್‌ನೊಳಗೇ ಅಡಗಿರುವ ಆದೇಶ), ಫಂಕ್ಷನ್, ಇಡೀ ಪೈಪ್‌ಲೈನ್ (ಒಂದರ ಫಲ ಇನ್ನೊಂದಕ್ಕೆ ಹೋಗುವ ಆದೇಶಗಳ ಸರಣಿ) ಎಲ್ಲವನ್ನೂ ಅದು ಅಳೆಯಬಲ್ಲದು. ಉಬುಂಟುವಿನಲ್ಲಿ ಎಸ್‌ಎಚ್ ಎಂದರೆ ಡ್ಯಾಶ್ ಎಂಬ ಇನ್ನೊಂದು ಶೆಲ್. ಅದಕ್ಕೆ ಈ ಪದ ಗೊತ್ತಿಲ್ಲ, ಹಾಗಾಗಿ ಅದು ಟೈಮ್ ಎಂಬ ಹೊರಗಿನ ಪ್ರೋಗ್ರಾಂ ಅನ್ನು ಕರೆಯುತ್ತದೆ, ಆ ಪ್ರೋಗ್ರಾಂಗೆ ಶೆಲ್‌ನ ಒಳಗಿರುವುದು ಕಾಣುವುದಿಲ್ಲ.

ನನ್ನ ಮಟ್ಟಿಗೆ ದೋಷಸಂದೇಶಕ್ಕಿಂತ ಹೆಚ್ಚು ಅಪಾಯಕಾರಿಯಾದದ್ದು 'ಟೈಮ್ ಎಕೋ'. ಕೊಟ್ಟ ಪದಗಳನ್ನು ಮುದ್ರಿಸುವ ಎಕೋ ಒಳ ಆದೇಶವಾಗಿರುವುದರ ಜೊತೆಗೆ ಡಿಸ್ಕ್‌ನಲ್ಲಿಯೂ ಪ್ರತ್ಯೇಕ ಕಡತವಾಗಿ ಇರುವುದರಿಂದ ಡ್ಯಾಶ್‌ನಲ್ಲಿ ದೋಷವೇನೂ ಬಾರದೆ, ಒಳ ಆದೇಶದ ಬದಲು ಆ ಹೊರಗಿನ ಎಕೋವಿನ ಸಮಯ ಸದ್ದಿಲ್ಲದೆ ಮುದ್ರಿತವಾಗುತ್ತದೆ.

ಯುನಿಕ್ಸ್ ಬಗೆಯ ವ್ಯವಸ್ಥೆಗಳು ಹೇಗೆ ವರ್ತಿಸಬೇಕೆಂದು ಹೇಳುವ ಪಾಸಿಕ್ಸ್ (POSIX) ಮಾನಕವು ಟೈಮ್ ಅನ್ನು ಒಂದು ಉಪಕರಣವೆಂದೇ ವಿವರಿಸುತ್ತದೆ. ಎಲ್ಲ ಶೆಲ್‌ಗಳಲ್ಲಿಯೂ ನಡೆಯಬೇಕಾದರೆ ಅಳೆಯಬೇಕಾದ ಭಾಗವನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಸಿ ಆಯ್ಕೆಯೊಡನೆ (sh -c) ಎಸ್‌ಎಚ್‌ಗೆ ಕೊಟ್ಟು, ಆ ಎಸ್‌ಎಚ್ ಅನ್ನು ಅಳೆಯಿರಿ. ಹೊಸ ಶೆಲ್ ಏಳುವ ವೆಚ್ಚವೂ ಇದರಲ್ಲಿ ಸೇರುವುದರಿಂದ, ಒಳ ಆದೇಶವನ್ನು ಅಲ್ಲಿಯೇ ಲೂಪಿನಲ್ಲಿ 1,00,000 ಬಾರಿ ಓಡಿಸಿ ಭಾಗಿಸುವುದು ಲೇಸು. ಲೂಪಿನದೇ ವೆಚ್ಚ ತಿಳಿಯಲು ಖಾಲಿ ಲೂಪನ್ನೂ ಒಮ್ಮೆ ಅಳೆದು ಕಳೆಯಿರಿ. ಪ್ರೊಸೆಸರ್ ಸಮಯವಷ್ಟೇ ಸಾಕೆಂದರೆ 'ಟೈಮ್ಸ್' ಎಂಬ ಒಳ ಆದೇಶವನ್ನು ಮೊದಲೊಮ್ಮೆ, ಕೊನೆಗೊಮ್ಮೆ ಕರೆದು ವ್ಯತ್ಯಾಸ ನೋಡಬಹುದು.

ಅಂದಹಾಗೆ, ಬ್ಯಾಶ್ ಪಾಸಿಕ್ಸ್ ವಿಧಾನದಲ್ಲಿದ್ದಾಗ ಟೈಮ್ ಪದದ ನಂತರ ಅಡ್ಡಗೆರೆಯಿಂದ ಆರಂಭವಾಗುವ ಆಯ್ಕೆ ಬಂದರೆ, ಅದೂ ಹೊರಗಿನ ಪ್ರೋಗ್ರಾಂ ಅನ್ನೇ ಹುಡುಕುತ್ತದೆ.