ಮಂಜು ಕವಿದ ನಸುಕಿನಲ್ಲಿ ಗಾಡಿ ಓಡಿಸುವುದು ಹೇಗೆ?

ಡಿಸೆಂಬರ್, ಜನವರಿಯ ನಸುಕಿನಲ್ಲಿ ಧಾರವಾಡದಿಂದ ಹಾವೇರಿಯತ್ತ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೊರಟರೆ ಮಂಜು ಎಲ್ಲ ಕಡೆ ಒಂದೇ ಹದದಲ್ಲಿ ಸಿಗುವುದಿಲ್ಲ. ಏರಿನ ಮೇಲೆ ರಸ್ತೆ ನಿಚ್ಚಳ. ಹಳ್ಳದ ಸೇತುವೆಗೋ, ನೀರುಣಿಸಿದ ಹೊಲದ ತಗ್ಗಿಗೋ ಇಳಿದೊಡನೆ ಬಾನೆಟ್ ಮುಂದೆ ಬರೀ ಬಿಳುಪು. ಇಳಿಜಾರು ಶುರುವಾಗುವ ಮೊದಲೇ ಆಕ್ಸಿಲರೇಟರ್ ಬಿಡಿ.

ಹೊರಡುವ ಮುನ್ನ ಮುಂದಿನ ಗಾಜನ್ನು ಒಳಗೂ ಹೊರಗೂ ಒರೆಸಿ. ಹಿಂದಿನ ಲೈಟಿನ ಧೂಳನ್ನೂ ತೆಗೆಯಿರಿ, ಅದನ್ನು ಮರೆಯುವವರೇ ಹೆಚ್ಚು. ಗಾಜಿನ ಒಳಗೆ ಹಬೆ ಕಟ್ಟಿದರೆ ಎಸಿ ಹಾಕಿ, ಬಿಸಿಗಾಳಿಯನ್ನು ಗಾಜಿನತ್ತ ತಿರುಗಿಸಿ, ಹೊರಗಿನ ಗಾಳಿ ಒಳಬರುವ ಮೋಡ್‌ಗೆ ಬದಲಿಸಿ. ಎಸಿ ಗಾಳಿಯ ತೇವ ಹೀರುತ್ತದೆ. ಅಂಗೈಯಿಂದ ಒರೆಸಿದರೆ ಜಿಡ್ಡು ಹರಡಿ ಎದುರಿನ ಲೈಟು ಇನ್ನಷ್ಟು ಕುಕ್ಕುತ್ತದೆ.

ಲೈಟು ಡಿಮ್‌ನಲ್ಲೇ ಇರಲಿ. ಫುಲ್ ಲೈಟು ಮಂಜಿನ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸಾಗುತ್ತದೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕಬೇಡಿ. ನೀವು ತಿರುಗುತ್ತೀರೋ ನಿಂತಿದ್ದೀರೋ ಹಿಂದಿನವರಿಗೆ ತಿಳಿಯುವುದಿಲ್ಲ.

ವೇಗ ಎಷ್ಟಿರಬೇಕು? ಮುಂದೆ ಬೋರ್ಡೋ ಮರವೋ ಕಂಡ ಕ್ಷಣದಿಂದ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸಿ. ಐದಕ್ಕೆ ಮೊದಲೇ ಅದನ್ನು ದಾಟಿದರೆ ವೇಗ ಹೆಚ್ಚಾಯಿತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಂಡು, ಬ್ರೇಕ್ ಒತ್ತುವ ಎರಡು ಸೆಕೆಂಡಿನಲ್ಲೇ 33 ಮೀಟರ್ ಹೋಯಿತು. 50 ಮೀಟರ್ ಮಾತ್ರ ಕಾಣುತ್ತಿದ್ದರೆ 35 ದಾಟಬೇಡಿ.

ಲಾರಿಯ ಕೆಂಪು ದೀಪ ನಂಬಿ ಬೆನ್ನು ಹತ್ತುವುದು ಎಲ್ಲಕ್ಕಿಂತ ಕೆಟ್ಟ ಚಾಳಿ. ಅವನು ಗಕ್ಕನೆ ನಿಂತರೆ ನಿಮಗೆ ಜಾಗವೇ ಇಲ್ಲ. ದಾರಿಗೆ ಎಡಬದಿಯ ಬಿಳಿ ಗೆರೆ ಸಾಕು, ಆದರೆ ಅದಕ್ಕೇ ಅಂಟಿಕೊಳ್ಳಬೇಡಿ. ಆ ಅಂಚಿನಲ್ಲೇ ಕಬ್ಬಿನ ಟ್ರ್ಯಾಕ್ಟರ್ ತೆವಳುತ್ತಿರುತ್ತದೆ, ಟ್ರೇಲರಿನ ಹಿಂದೆ ಜೋತುಬಿದ್ದ ಕಬ್ಬು ರಿಫ್ಲೆಕ್ಟರನ್ನೂ ಮುಚ್ಚಿರುತ್ತದೆ. ಹಳ್ಳಿ ರಸ್ತೆಯಾದರೆ ಒಣಹಾಕಿದ ಗೋವಿನಜೋಳ, ಅದರ ಸುತ್ತ ಸಾಲಾಗಿ ಇಟ್ಟ ಕಲ್ಲುಗಳು!

ಏನೂ ಕಾಣದಾದರೆ ಪೆಟ್ರೋಲ್ ಬಂಕ್ ಅಥವಾ ಧಾಬಾದ ಅಂಗಳಕ್ಕೇ ಹೋಗಿ ನಿಲ್ಲಿ. ಗಾಡಿ ರಸ್ತೆಯಲ್ಲೇ ಕೆಟ್ಟರೆ ಆದಷ್ಟು ಎಡಕ್ಕೆ ಸರಿಸಿ, ಈಗ ನಾಲ್ಕೂ ಇಂಡಿಕೇಟರ್ ಹಾಕಿ. ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಿ. ಒಳಗೆ ಕುಳಿತು ಕಾಯಬೇಡಿ. ಸಾಧ್ಯವಾದರೆ ಎಚ್ಚರಿಕೆಯ ಕೆಂಪು ತ್ರಿಕೋನವನ್ನು 50 ಮೀಟರ್ ಹಿಂದೆ ಇಡಿ. ಹೆದ್ದಾರಿಯಲ್ಲಿ ನೆರವಿಗೆ 1033ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ.